ಬುರಾನನ ಬಾಚಣಿಗೆ

ರಷ್ಯಾದ ಪೆರ್ಮ್ ಊರಿನ ನಮ್ಮ ಕಟ್ಟಡದಲ್ಲಿ ನಾಯಿ ಸಾಕಿದ ಹೆಂಗಸರು ಅದರ ಉದುರುಗೂದಲನ್ನು ಕಸಕ್ಕೆ ಹಾಕುವುದಿಲ್ಲ. ತಂತಿಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ನೂತು, ಸೊಂಟನೋವಿಗೆ ಕಟ್ಟಿಕೊಳ್ಳುವ ಪಟ್ಟಿ ಹೆಣೆಯುತ್ತೇವೆ.

ನನ್ನ ಬುರಾನ್ ಅಪ್ಪಟ ಬಿಳಿ ನಾಯಿ. ಸೂಪಿನಲ್ಲಿ ಅವನ ಕೂದಲು ಸಿಕ್ಕಿತೆಂದು ನನ್ನ ಗಂಡ ರೊಡಿಯಾನ್, ನಾನು ತಂಗಿಯ ಮನೆಗೆ ಹೋಗಿದ್ದಾಗ, ಅವನನ್ನು ಸೂಜಿ ಚುಚ್ಚಿಸಿ ಸಾಯಿಸಿಬಿಟ್ಟ.

"ಮುದಿ ನಾಯಿ ಕಣೇ, ಅದಕ್ಯಾಕೆ ಅಳ್ತೀಯಾ?" ಅಂದು ಸಿಗರೇಟು ಹಚ್ಚಿದ.

ಬಾಚಣಿಗೆಯನ್ನು ತೊಳೆದು ಬಾಲ್ಕನಿಯ ಮೊಳೆಗೆ ನೇತುಹಾಕಿದೆ. ಬೆಳಿಗ್ಗೆ ಅದರ ಹಲ್ಲುಗಳ ತುಂಬ ಬಿಳಿ ಕೂದಲಿತ್ತು. ಬಿಡಿಸಿದೆ. ಮಾರನೆಯ ದಿನ ಮತ್ತೆ ಇತ್ತು. ಹೊರಗೆ ಹಿಮ ಬೀಳುತ್ತಿತ್ತು, ಕೂದಲು ಮಾತ್ರ ಬೆಚ್ಚಗಿತ್ತು.

ಯಾರಿಗೂ ಹೇಳಲಿಲ್ಲ. ನೂತೆ, ಹೆಣೆದೆ, ರೊಡಿಯಾನನ ಸೊಂಟಕ್ಕೆ ಕಟ್ಟಿದೆ.

"ಸತ್ತ ಮೇಲಾದ್ರೂ ಉಪಯೋಗಕ್ಕೆ ಬಂತಲ್ಲ ನಿನ್ನ ನಾಯಿ," ಎಂದು ನಕ್ಕ.

ಪಕ್ಕದ ಮನೆಯ ಕ್ಲಾವ್ದಿಯಾ ಅಜ್ಜಿ ಚಹಾಕ್ಕೆ ಬಂದವಳು ಉಳಿದ ನೂಲಿನುಂಡೆಯನ್ನು ಎತ್ತಿಕೊಂಡಳು. "ಬಿಸಿಯಾಗಿದೆಯಲ್ಲೇ! ಯಾವ ನಾಯೀದು?"

"ಬುರಾನಂದು."

ಅಜ್ಜಿ ಉಂಡೆಯನ್ನು ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ಚಹಾ ಅರ್ಧಕ್ಕೇ ಬಿಟ್ಟು ಹೋದಳು.

ರೊಡಿಯಾನನಿಗೆ ಈಗ ಸೊಂಟನೋವಿಲ್ಲ. ಪಟ್ಟಿ ಬಿಚ್ಚಲು ಒಪ್ಪುವುದೇ ಇಲ್ಲ. ಸ್ವಲ್ಪ ಸೊರಗಿದ್ದಾನೆ, ಅಷ್ಟೆ.

ಇವತ್ತು ಬಾಚಣಿಗೆಯಲ್ಲಿದ್ದದ್ದು ಬಿಳಿ ಕೂದಲಲ್ಲ. ಗಿಡ್ಡ ಕೂದಲು, ಬೂದು ಬಣ್ಣದ್ದು, ಸಿಗರೇಟಿನ ವಾಸನೆ ಬೇರೆ. ರೊಡಿಯಾನ್ ಅಡುಗೆಮನೆಯಲ್ಲಿ ತಲೆ ಕೆರೆದುಕೊಳ್ಳುತ್ತ ಸೂಪು ಕುಡಿಯುತ್ತಿದ್ದ.

ಅದನ್ನೂ ಬಿಡಿಸಿ ಬುಟ್ಟಿಗೆ ಹಾಕಿದ್ದೇನೆ. ಒಂದು ಪಟ್ಟಿಗೆ ಇನ್ನೂ ಸಾಲದು.