ಮೊದಲ ಎಸೆತದ ನೆಂಟ

ಕ್ಯಾಸಿನೊದವರು ಮೋಸ ಮಾಡಿ ಸೋಲಿಸಿದ್ದರೆ ಮರ್ವಿನ್ ಟ್ಯಾಗರ್ಟ್ ಅವರನ್ನು ಎಂದೋ ಕ್ಷಮಿಸಿಬಿಡುತ್ತಿದ್ದ. ಮೋಸಗಾರನನ್ನು ಬೈಯಬಹುದು, ಪೊಲೀಸರಿಗೆ ಹೇಳಬಹುದು, ಅದೂ ಆಗದಿದ್ದರೆ ಹೆಂಡತಿಯ ಮುಂದೆ ಕೂತು ಗೋಳಾಡಬಹುದು. ಆದರೆ ಲಾಸ್ ವೇಗಸ್ಸಿನ ಹಳೆಪೇಟೆಯಲ್ಲಿರುವ 'ಕಾಪರ್ ಲ್ಯಾಂಟರ್ನ್' ಎಂಬ ಆ ಕ್ಯಾಸಿನೊ ಅವನನ್ನು ಎರಡು ವರ್ಷ ಬಹಳ ಮರ್ಯಾದೆಯಿಂದ, ಹೆಸರು ಹಿಡಿದು ಮಾತಾಡಿಸಿ, ಪುಕ್ಕಟೆ ಕಾಫಿ ಕೊಟ್ಟು ಸೋಲಿಸಿತ್ತು. ದಾಳಗಳು ಸರಿಯಾಗಿದ್ದವು. ಲೆಕ್ಕ ಸರಿಯಾಗಿತ್ತು. ಸರಿಯಿಲ್ಲದವನು ತಾನೊಬ್ಬನೇ ಎಂಬ ಅನುಮಾನ ಅವನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಂತು. ಅಲ್ಲಿಂದಲೇ ಅನಾಹುತ ಶುರುವಾಯಿತು.

ಅವನು ಜೀವನವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಿ ನಿವೃತ್ತನಾದ ಮನುಷ್ಯ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗೂ ಒಂದು ಬ್ರೇಕು ಇಟ್ಟುಕೊಂಡು, ಲೋಕದಲ್ಲಿ ಯಾವುದನ್ನು ಬೇಕಾದರೂ ಹದ್ದುಬಸ್ತಿನಲ್ಲಿಡಬಹುದು ಎಂದು ನಂಬಿದ್ದವನು. ಇಂಥವನಿಗೆ ಒಂದು ಮೋಟೆಲಿನ ಹಿಂಕೋಣೆಯಲ್ಲಿ ನಡೆದ ವಾರಾಂತ್ಯದ ತರಗತಿಯಲ್ಲಿ, ಹಡಗಿನ ಮುಖವನ್ನೇ ಕಂಡಿರದ 'ಕ್ಯಾಪ್ಟನ್ ಲೈಲ್' ಎಂಬೊಬ್ಬ, ಮಣಿಕಟ್ಟು ಪಳಗಿದರೆ ದಾಳವೂ ಹೇಳಿದ ಮಾತು ಕೇಳುತ್ತದೆ ಎಂದು ಉಪದೇಶ ಮಾಡಿದ. ಮರ್ವಿನ್ ನಂಬಿದ. ಗ್ಯಾರೇಜಿನಲ್ಲಿ ಕ್ರ್ಯಾಪ್ಸ್ ಆಟದ ಮೇಜು ಕಟ್ಟಿಸಿದ. ದಾಳಗಳನ್ನು ಹೀಗೆ ಜೋಡಿಸು, ಹಾಗೆ ಹಿಡಿ, ಮೆಲ್ಲಗೆ ತೇಲಿಸು ಎಂದು ಹಗಲೆಲ್ಲ ಅಭ್ಯಾಸ ನಡೆಸಿದ. ಹೆಂಡತಿ ಜಾಯ್ಸಳ ಕಾರು ಮರುಭೂಮಿಯ ಬಿಸಿಲಿಗೆ ಬಿತ್ತು.

"ಮಾರ್ವ್, ಸ್ಟೀರಿಂಗ್ ಮುಟ್ಟಿದ್ರೆ ಚರ್ಮ ಕಿತ್ತು ಬರತ್ತೆ," ಅಂದಳು ಜಾಯ್ಸ್. "ಓವನ್ನಿನ ಕೈಗವಸು ಹಾಕ್ಕೊಂಡು ಕಾರು ಓಡಿಸ್ತಿದೀನಿ ನಾನು. ಸಿಗ್ನಲ್‌ನಲ್ಲಿ ಜನ ನೋಡಿ ನಗ್ತಾರೆ."

"ಇನ್ನು ಸ್ವಲ್ಪ ದಿನ ತಡಿ. ಮಣಿಕಟ್ಟು ಕೂರ್ತಾ ಇದೆ."

"ಕೂತಾಗಿದೆ. ಮೇಲೇಳ್ತಾ ಇಲ್ಲ, ಅಷ್ಟೇ. ಮೇ ತಿಂಗಳು ಮುಗಿಯೋದ್ರೊಳಗೆ ನನ್ನ ಕಣ್ಣೆದುರಿಗೆ ಗೆದ್ದು ತೋರಿಸು. ಇಲ್ಲಾಂದ್ರೆ ಮೇಜು ಹೊರಗೆ, ಕಾರು ಒಳಗೆ. ಆ ಕ್ಯಾಪ್ಟನ್ ನಿನಗೆ ಟೋಪಿ ಹಾಕಿದ ಅಂತ ನೀನೇ ಬಾಯ್ಬಿಟ್ಟು ಹೇಳ್ಬೇಕು."

ಮೇಜು ಹೋದರೆ ಹೋಗಲಿ. ಬಾಯ್ಬಿಟ್ಟು ಹೇಳುವುದೇ ಮರ್ವಿನ್‌ನಿಂದ ಆಗದ ಕೆಲಸ. ಮದುವೆಯಾದಂದಿನಿಂದ ಈ ಹೆಂಗಸು ಅವನನ್ನು ಎಷ್ಟು ಗೇಲಿ ಮಾಡಿದರೂ ಅವನ ಮಾತನ್ನು ನಂಬಿಕೊಂಡು ಬಂದವಳು. ಅವಳ ಮುಂದೆ ಪೆದ್ದನಾಗಿ ನಿಲ್ಲುವುದು ಅವನಿಗೆ ಬೇಡವಾಗಿತ್ತು. ಕಳ್ಳನಾದರೂ ಚಿಂತೆಯಿಲ್ಲ, ಪೆದ್ದನಾಗಬಾರದು ಎಂದು ಅವನು ತೀರ್ಮಾನಿಸಿದ. ಎರಡೂ ಒಟ್ಟಿಗೆ ಆಗಲು ಸಾಧ್ಯವಿದೆ ಎಂಬುದು ಆಗ ಹೊಳೆಯಲಿಲ್ಲ.

ದಾಳ ಮಾತು ಕೇಳದಿದ್ದರೆ ಬೇಡ, ಲೆಕ್ಕವಾದರೂ ಕೇಳುತ್ತದಲ್ಲ. ಕ್ರ್ಯಾಪ್ಸ್ ಮೇಜಿನಲ್ಲಿ ಆಟಗಾರ ಹಣ ಕೊಟ್ಟು ಕೊಂಡ ತನ್ನ ಬಿಲ್ಲೆಗಳನ್ನು ಮುಂದಿನ ಗೆರೆಯ ಮೇಲೆ ಇಡುತ್ತಾನೆ. ಮೊದಲ ಎಸೆತದಲ್ಲಿ ಎರಡು ದಾಳ ಸೇರಿ ಏಳೋ ಹನ್ನೊಂದೋ ಬಿದ್ದರೆ ಗೆಲುವು; ಎರಡು, ಮೂರು, ಹನ್ನೆರಡು ಬಿದ್ದರೆ ಸೋಲು. ಗೆಲ್ಲಲು ಎಂಟು ದಾರಿ, ಸೋಲಲು ನಾಲ್ಕೇ ದಾರಿ. ಬೇರೆ ಯಾವ ಸಂಖ್ಯೆ ಬಿದ್ದರೂ ಅದು 'ಪಾಯಿಂಟ್' ಆಗುತ್ತದೆ, ಆಮೇಲೆ ಆಟ ಮಗುಚಿಕೊಳ್ಳುತ್ತದೆ. ಪಾಯಿಂಟ್ ಮತ್ತೆ ಬಿದ್ದರೆ ಗೆಲುವು, ಅದಕ್ಕೆ ಮೊದಲು ಏಳು ಬಿದ್ದರೆ ಬಿಲ್ಲೆ ಹೋಯಿತು. ಮೊದಲು ಅನ್ನ ಹಾಕಿದ ಏಳೇ ಆಮೇಲೆ ಕತ್ತು ಹಿಸುಕುತ್ತದೆ. ಪಾಯಿಂಟ್ ಬಿದ್ದ ಮೇಲೆ ಗೆರೆಯ ಮೇಲಿನ ಬಿಲ್ಲೆಯನ್ನು ಹಿಂದೆ ತೆಗೆಯುವ ಹಾಗಿಲ್ಲ; ತೆಗೆದರೆ ಅದು ಮೋಸ, ನೆವಾಡದಲ್ಲಿ ಅದಕ್ಕೆ ಜೈಲು.

ಅಂದರೆ ಮದುವೆಮನೆಯಲ್ಲಿ ಊಟ ಮಾಡಿದವನನ್ನು ಪಾತ್ರೆ ತೊಳೆಯಲು ಹಿಡಿದು ಕೂರಿಸುವ ಏರ್ಪಾಡು ಇದು. ಉಂಡು, ಕೈತೊಳೆದು, ಯಾರಿಗೂ ಕಾಣದೆ ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುವ ನೆಂಟನೊಬ್ಬನಿದ್ದರೆ ಅವನನ್ನು ಗೆಲ್ಲುವವರು ಯಾರು? ಮರ್ವಿನ್ ಈ ಪ್ರಶ್ನೆಯನ್ನು ಹಾಕಿಕೊಂಡಾಗ ಅವನಿಗೆ ತನ್ನ ಬುದ್ಧಿಯ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಕನ್ನಡಿಯ ಮುಂದೆ ನಿಂತು ಒಮ್ಮೆ ತಲೆ ಬಾಚಿಕೊಂಡ, ಬಾಚಲು ಹೆಚ್ಚೇನೂ ಇಲ್ಲದಿದ್ದರೂ.

ಜಾರಿಕೊಳ್ಳುವ ಹೊತ್ತನ್ನು ಅವನು ಕೂದಲು ಸೀಳಿ ಲೆಕ್ಕ ಹಾಕಿದ. ಪಾಯಿಂಟ್ ಬಿದ್ದ ಕ್ಷಣ ಡೀಲರ್ ದೊಡ್ಡ ದುಂಡು ಗುರುತೊಂದನ್ನು ಮಗುಚಿ ಆ ಸಂಖ್ಯೆಯ ಮನೆಯ ಮೇಲೆ ಇಡಬೇಕು. ಕೋಲು ಹಿಡಿದವನು ದಾಳಗಳನ್ನು ಎಳೆದುಕೊಳ್ಳಬೇಕು. ನಡುವೆ ಕೂತ ಮೇಲ್ವಿಚಾರಕ ದಾಳಗಳ ಮೇಲೆ ಕಣ್ಣಿಡಬೇಕು. ಸರಿಯಾಗಿ ಅದೇ ಹೊತ್ತಿಗೆ ಆಟಗಾರರ ಕೈಗಳು ಸಾಲಾಗಿ ಕೆಳಗಿಳಿದು, ಗೆರೆಯ ಹಿಂದೆ ಹೆಚ್ಚುವರಿ ಪಣ ಇಡುತ್ತವೆ. ಆ ಹೆಚ್ಚುವರಿ ಪಣದಲ್ಲಿ ಮಾತ್ರ ಕ್ಯಾಸಿನೊದವರು ತಮಗೆಂದು ಒಂದು ಚೂರೂ ಮುರಿದುಕೊಳ್ಳುವುದಿಲ್ಲ. ಇಡೀ ಕ್ಯಾಸಿನೊದಲ್ಲಿ ಅದೊಂದೇ ಪ್ರಾಮಾಣಿಕವಾದ ಪಣ. ಅದರ ಮರೆಯಲ್ಲೇ ಕದಿಯುವುದೆಂದು ಮರ್ವಿನ್ ನಿಶ್ಚಯಿಸಿದ. ಇಡಲು ಹೋದ ಹಾಗೆ ಕೈ ಹೋಗಬೇಕು, ತೆಗೆದುಕೊಂಡು ಬರಬೇಕು. ದಾಳಕ್ಕೆ ಬಗ್ಗದ ಮಣಿಕಟ್ಟು ಈ ಕೆಲಸಕ್ಕೆ ನಾಲ್ಕೇ ದಿನದಲ್ಲಿ ಬಗ್ಗಿತು. ಕ್ಯಾಪ್ಟನ್ ಲೈಲ್‌ಗೆ ಕೊಟ್ಟ ಫೀಸು ಪೂರ್ತಿ ದಂಡವಾಗಲಿಲ್ಲ ಎಂದು ಅವನು ಸಮಾಧಾನ ಪಟ್ಟುಕೊಂಡ.

ಪಣ ಇಪ್ಪತ್ತೈದು ಡಾಲರಿನ ಎರಡು ಹಸಿರು ಬಿಲ್ಲೆ, ಅಷ್ಟೇ. ಮೇಲಿನ ಕ್ಯಾಮೆರಾದವರಿಗೆ ಎರಡು ಹಸಿರು ಬಿಲ್ಲೆಯ ಮುದುಕನನ್ನು ನೋಡುತ್ತ ಕೂರುವ ಚಪಲವಿರುವುದಿಲ್ಲ. ಜಾಗ ಮೇಜಿನ ಮೂಲೆ. ಹೊತ್ತು ಭಾನುವಾರ ಮಧ್ಯಾಹ್ನ, ಮೇಜು ತುಂಬಿ ತುಳುಕುವಾಗ. ಯಾರಾದರೂ ಕೇಳಿದರೆ ಹೇಳಲು ಒಂದು ಮಾತು ಸಿದ್ಧವಿತ್ತು: ವಯಸ್ಸಾಯಿತು, ಮರೆತೆ. ಮುಪ್ಪಿನಿಂದ ಒಂದು ಲಾಭವೂ ಇರಲಿ ಎಂದು ಅವನ ವಾದ.

ಕೊನೆಯದು ಔದಾರ್ಯ. ಅವನಿಗೆ ಬಹಳ ಹೆಮ್ಮೆಯಿದ್ದದ್ದು ಇದರ ಮೇಲೆಯೇ. ಡೀಲರುಗಳ ಸಂಬಳ ಅಷ್ಟಕ್ಕಷ್ಟೆ. ಗಿರಾಕಿಗಳು ಕೊಡುವ ಇನಾಮು ಒಟ್ಟುಮಾಡಿ ಹಂಚಿಕೊಂಡು ಅವರ ಸಂಸಾರ ನಡೆಯಬೇಕು. ದೊಡ್ಡ ಮನಸ್ಸಿನ ಆಟಗಾರರು ಇನಾಮನ್ನು ಕೈಗೆ ಕೊಡುವುದಿಲ್ಲ. ಅವರ ಪರವಾಗಿ ಒಂದು ಡಾಲರಿನ ಬಿಳಿ ಬಿಲ್ಲೆಯನ್ನು ಗೆರೆಯ ಮೇಲೆ, ತಮ್ಮ ಬಿಲ್ಲೆಯ ಮಗ್ಗುಲಲ್ಲಿ ಇಡುತ್ತಾರೆ; ತಾನು ಗೆದ್ದರೆ ಡೀಲರೂ ಗೆದ್ದ ಹಾಗೆ. ಲೈಸೆನ್ಸ್ ಪರೀಕ್ಷೆಯ ಸಾಹೇಬರಿಗೆ ಡೋನಟ್ ಡಬ್ಬಿ ಒಯ್ದುಕೊಟ್ಟಾಗಲೆಲ್ಲ ತನ್ನ ಶಿಷ್ಯರು ಫುಟ್‌ಪಾತ್ ಹತ್ತಿಸಿದ್ದೂ ಕಾಣದೆ ಹೋಗಿದ್ದನ್ನು ಮರ್ವಿನ್ ಮರೆತಿರಲಿಲ್ಲ. ಉಪ್ಪು ತಿಂದವರು ಕೈಯತ್ತ ನೋಡುವುದಿಲ್ಲ ಎಂಬುದು ಅವನ ಸಿದ್ಧಾಂತ.

ಮೂರು ವಾರ ಅವನು ಏನೂ ಕದಿಯದೆ, ಶುದ್ಧವಾಗಿ ಸೋತ. ಪ್ರತಿ ಆಟಕ್ಕೂ ತನ್ನ ಎರಡು ಹಸಿರು, ಪಕ್ಕದಲ್ಲಿ ಅವರ ಒಂದು ಬಿಳಿ. "ಇದು ನಿಮಗೆ," ಎಂದು ಪ್ರತಿ ಸಲವೂ ಕೂಗಿ ಹೇಳುವನು. ಅವನ ಕಡೆಯ ಡೀಲರ್ ಲೂಸ್ ಮಕಾರೇಗ್ ಎಂಬ ಫಿಲಿಪೀನ್ಸಿನ ಹೆಂಗಸು. ನಿಂತು ನಿಂತು ಅವಳ ಕಾಲು ಊದಿರುತ್ತಿತ್ತು, ನಗು ಮಾತ್ರ ಮಾಸುತ್ತಿರಲಿಲ್ಲ.

"ಮರ್ವಿನ್ ಸಾರ್ ಬಂದ್ರು ನೋಡ್ರಪ್ಪಾ, ಜಾಗ ಬಿಡಿ!" ಎನ್ನುವಳು. "ನಿಮ್ಮಂಥೋರು ಇನ್ನಿಬ್ರು ಇದ್ದಿದ್ರೆ ನನ್ನ ಮಗಳ ಹಲ್ಲಿನ ತಂತಿ ಯಾವಾಗ್ಲೋ ಹಾಕಿಸ್ತಿದ್ದೆ, ಸಾರ್."

"ಹಾಕ್ಸೋಣ, ಹಾಕ್ಸೋಣ," ಎನ್ನುವನು ಮರ್ವಿನ್. ಕಳ್ಳತನಕ್ಕೆಂದು ತೊಟ್ಟ ಒಳ್ಳೆಯತನ ಅವನಿಗೆ ಹಿತವಾಗತೊಡಗಿತ್ತು. ತನ್ನ ಬಿಲ್ಲೆ ಕದ್ದರೂ ಇವರ ಡಾಲರನ್ನು ಮಾತ್ರ ಮುಟ್ಟಕೂಡದು ಎಂದು ಒಂದು ನಿಯಮವನ್ನೂ ಮಾಡಿಕೊಂಡ. ಕಳ್ಳನಾದ ಮಾತ್ರಕ್ಕೆ ಮನುಷ್ಯತ್ವ ಬಿಡಬೇಕೆಂದಿಲ್ಲವಲ್ಲ.

ಮೇ ತಿಂಗಳ ಕೊನೆಯ ಭಾನುವಾರ ಜಾಯ್ಸ್ ತನ್ನ ದೊಡ್ಡ ಕೈಚೀಲ ತಗುಲಿಸಿಕೊಂಡು ಅವನ ಬೆನ್ನ ಹಿಂದೆ ಬಂದು ನಿಂತಳು. ಬಂದವಳೇ, "ನಿನಗೀಗ ಏಳು ಬೀಳ್ಬೇಕಾ, ಬೇಡ್ವಾ?" ಎಂದು ಇಡೀ ಮೇಜಿಗೆ ಕೇಳುವ ಹಾಗೆ ಕೇಳಿದಳು. ಕ್ರ್ಯಾಪ್ಸ್ ಮೇಜಿನ ಬಳಿ ಆ ಸಂಖ್ಯೆಯ ಹೆಸರೆತ್ತುವವರಿಲ್ಲ. ರಾತ್ರಿ ಹಾವನ್ನು ಹುಳ ಎನ್ನುವ ಹಾಗೆ ಏನೇನೋ ಅಡ್ಡಹೆಸರು ಹೇಳುತ್ತಾರೆ. ಹತ್ತು ಮುಖಗಳು ಅವಳತ್ತ ಸಿಡುಕಿನಿಂದ ತಿರುಗಿದವು. ಮರ್ವಿನ್‌ಗೆ ಮಾತ್ರ ಸಂತೋಷವಾಯಿತು. ಪಾಯಿಂಟ್ ಆಗಷ್ಟೇ ಬಿದ್ದಿತ್ತು, ಎಲ್ಲರೂ ಹೆಂಡತಿಯನ್ನು ನೋಡುತ್ತಿದ್ದಾಗ ಅವನ ಮೊದಲ ಎರಡು ಬಿಲ್ಲೆಗಳು ಗೆರೆಯಿಂದ ಅಂಗೈಗೆ ಬಂದು ಸೇರಿದ್ದವು. ಅದರ ಹಿಂದೆಯೇ ಏಳು ಬಿತ್ತು, ಎಲ್ಲರ ಬಿಲ್ಲೆಯೂ ಗುಡಿಸಿಹೋಯಿತು. ಪಕ್ಕದವನು ಜಾಯ್ಸಳನ್ನು ಶಪಿಸಿದ. ಮರ್ವಿನ್ ಅಂಗೈಯನ್ನು ಮೆಲ್ಲಗೆ ಬಿಡಿಸಿ, ಅದೇ ಬಿಲ್ಲೆಗಳನ್ನು ಮತ್ತೆ ಗೆರೆಯ ಮೇಲಿಟ್ಟ.

ಯಂತ್ರದ ಹಾಗೆ ನಡೆಯಿತು ಕೆಲಸ. ಏಳು, ಹನ್ನೊಂದು ಬಿದ್ದಾಗ ಬೇರೆಯವರೊಡನೆ ಗೆದ್ದ. ಪಾಯಿಂಟ್ ಬಿದ್ದಾಗ ಬೇರೆಯವರನ್ನು ಬಿಟ್ಟು ಜಾರಿಕೊಂಡ. ಮೇಜಿನಂಚಿನ ಅಡ್ಡಪಟ್ಟಿಯಲ್ಲಿ ಅವನ ಬಿಲ್ಲೆಗಳ ಸಾಲು ಬೆಳೆಯಿತು. ಜಾಯ್ಸ್ ಬಗ್ಗಿ ಅವನ ಕಿವಿಯಲ್ಲಿ, "ಆಯ್ತಪ್ಪಾ, ಮೇಜು ಇನ್ನೊಂದು ವರ್ಷ ಇರ್ಲಿ. ನಾನೇ ಸೋತೆ," ಅಂದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಮರ್ವಿನ್‌ಗೆ ಇಷ್ಟು ಸುಖ ಪ್ರಾಮಾಣಿಕವಾಗಿ ಎಂದೂ ಸಿಕ್ಕಿರಲಿಲ್ಲ.

ಆಮೇಲೆ ಸರದಿಯಂತೆ ದಾಳ ಹಳದಿ ಟೋಪಿಯ ಹೆಂಗಸೊಬ್ಬಳ ಕೈಗೆ ಹೋಯಿತು. ನೆಬ್ರಾಸ್ಕದಿಂದ ಚರ್ಚಿನವರ ಜೊತೆ ಬಂದವಳು, ದಾಳ ಮುಟ್ಟಿದ್ದೇ ಅಂದು ಮೊದಲು. ಎಸೆಯುವುದೋ ಕೋಳಿಗೆ ಕಾಳು ಚೆಲ್ಲುವುದೋ ತಿಳಿಯದ ಹಾಗೆ ಕೈಬೀಸಿದಳು. ಒಂಬತ್ತು ಪಾಯಿಂಟ್ ಆಯಿತು. ಮರ್ವಿನ್ ಜಾರಿಕೊಂಡ. ಮತ್ತೆ ಒಂಬತ್ತು ಬಿತ್ತು, ಎಲ್ಲರೂ ಗೆದ್ದರು. ಎಂಟು ಪಾಯಿಂಟ್ ಆಯಿತು. ಮರ್ವಿನ್ ಜಾರಿಕೊಂಡ. ಎಂಟೂ ಬಿತ್ತು. ಹತ್ತು ಪಾಯಿಂಟ್ ಆದಾಗ ಈ ಸಲವಾದರೂ ಬಿಲ್ಲೆ ಬಿಟ್ಟುಬಿಡಲೇ ಎಂದು ಕೈ ತಡೆಯಿತು. ಆದರೆ ಲೆಕ್ಕ ಲೆಕ್ಕವೇ, ತೆಗೆದ. ಹತ್ತು ಬಿತ್ತು. ಮೇಜು ಹುಚ್ಚೆದ್ದು ಕುಣಿಯಿತು. ಕದಿಯದೆ ಸುಮ್ಮನೆ ನಿಂತಿದ್ದರೆ ಗೆಲ್ಲುತ್ತಿದ್ದ ಹಣವನ್ನು ಮರ್ವಿನ್ ತನ್ನಿಂದಲೇ ಕದ್ದುಕೊಳ್ಳುತ್ತಿದ್ದ. ಅವನ ಮುಂದಿನ ಗೆರೆಯಲ್ಲಿ ಡೀಲರುಗಳ ಒಂಟಿ ಡಾಲರು ಮಾತ್ರ ಮೂರನೆಯ ಸಲ ಗೆದ್ದಿತ್ತು.

"ಗೆದ್ವಿ ತಾನೇ?" ಜಾಯ್ಸ್ ಚಪ್ಪಾಳೆ ತಟ್ಟಿದಳು.

"ಹೂಂ," ಅಂದ ಮರ್ವಿನ್.

ಲೂಸ್ ನಗಲಿಲ್ಲ. ಗೆರೆಯನ್ನು ನೋಡಿದಳು, ಅವನ ಮುಖ ನೋಡಿದಳು, ಕೈಯೆತ್ತಿ ಆಟ ನಿಲ್ಲಿಸಿದಳು. ಮೇಲ್ವಿಚಾರಕ ಹಾಲ್ವರ್ಸನ್ ಕಡೆ ತಿರುಗಿ, "ಸಾರ್, ಏನೋ ಎಡವಟ್ಟಾಗಿದೆ," ಅಂದಳು. "ನಮ್ಮ ಬಿಲ್ಲೆ ಇಲ್ಲೇ ಇದೆ, ಮರ್ವಿನ್ ಸಾರ್‌ದು ಇಲ್ಲ. ಮೂರು ಸಲ ಹಿಂಗೇ ಆಯ್ತು. ಅವರು ಇಟ್ಟಿದ್ದನ್ನ ನಾನು ನೋಡಿದೀನಿ. ನಾನೇ ಕೈತಪ್ಪಿ ಗುಡಿಸಿಬಿಟ್ನೋ, ಇಲ್ಲಾ ಅಕ್ಕಪಕ್ಕದೋರು ಯಾರಾದ್ರೂ ಎಗರಿಸ್ತಿದಾರೋ."

ಪಕ್ಕದವರೆಲ್ಲ ಕೈ ಮೇಲೆತ್ತಿದರು. ಮರ್ವಿನ್ ಸಿದ್ಧವಿದ್ದ ಮಾತನ್ನು ಹೊರತೆಗೆದ. "ಬಿಡಮ್ಮ ಲೂಸ್. ವಯಸ್ಸಾಯ್ತು, ಇಡೋದನ್ನ ನಾನೇ ಮರೆತಿರ್ಬೇಕು."

"ಮರೆಯೋದೇನು!" ಜಾಯ್ಸ್ ಕೈಚೀಲವನ್ನು ಮೇಜಿನ ಅಂಚಿಗೆ ದಢಾರನೆ ಇಟ್ಟಳು. "ಪ್ರತಿ ಸಲ ಎರಡು ಹಸಿರು ಇಟ್ಟಿದ್ದು ನಾನು ಕಣ್ಣಾರೆ ಕಂಡಿದೀನಿ. ನನ್ನ ಗಂಡ ಇಷ್ಟು ವರ್ಷದಲ್ಲಿ ಮರೆತಿದ್ದು ಅಂದ್ರೆ ನನ್ನ ಹುಟ್ಟುಹಬ್ಬ ಒಂದೇ. ಇದಕ್ಕೊಂದು ನ್ಯಾಯ ಆಗೋವರೆಗೂ ನಾವು ಇಲ್ಲಿಂದ ಕದಲಲ್ಲ."

"ಜಾಯ್ಸ್, ಹೋಗ್ಲಿ ಬಿಡೆ."

"ಬಿಡಕ್ಕಾಗಲ್ಲ ಸಾರ್," ಅಂದಳು ಲೂಸ್, ಕಣ್ಣಲ್ಲಿ ನೀರು ತುಂಬಿಕೊಂಡು. "ನಮಗೆ ಇಷ್ಟು ಮಾಡಿದೀರಿ. ನಿಮಗೆ ಅನ್ಯಾಯ ಆಗ್ತಿರೋದನ್ನ ನೋಡ್ಕೊಂಡು ಸುಮ್ನಿರಲ್ಲ."

ಹಾಲ್ವರ್ಸನ್ ಆಗಲೇ ಫೋನ್ ಎತ್ತಿದ್ದ. "ಮೇಲ್ಗಡೆಯೋರು ಈಗ್ಲೇ ಕ್ಯಾಮೆರಾದ ರೆಕಾರ್ಡಿಂಗ್ ಹಿಂದಕ್ಕೆ ತಿರುಗಿಸಿ ನೋಡ್ತಾರೆ, ಮಿಸ್ಟರ್ ಟ್ಯಾಗರ್ಟ್. ಮಧ್ಯಾಹ್ನದಿಂದ ನಡೆದದ್ದೆಲ್ಲಾ ನೋಡಿಸ್ತೀನಿ. ನಿಮ್ಮದು ಒಂದು ಬಿಲ್ಲೆ ಹೋಗಿದ್ರೂ ಕೊಡಿಸ್ತೀನಿ."

ಜಾಯ್ಸ್ ಹೆಮ್ಮೆಯಿಂದ ಗಂಡನ ತೋಳಿಗೆ ತೋಳು ಸೇರಿಸಿ ಭದ್ರವಾಗಿ ಹಿಡಿದುಕೊಂಡಳು. ಮರ್ವಿನ್ ದಾಳದ ಲೆಕ್ಕ ಹಾಕಿದ್ದ, ಕ್ಯಾಮೆರಾದ ಲೆಕ್ಕ ಹಾಕಿದ್ದ, ಕೈಯ ವೇಗದ, ಮೂಲೆಯ, ಮುಪ್ಪಿನ ಲೆಕ್ಕವನ್ನೂ ಹಾಕಿದ್ದ. ಒಂದು ಸಣ್ಣ ಸಂಗತಿ ಮಾತ್ರ ಬಿಟ್ಟುಹೋಗಿತ್ತು. ದಿನವಿಡೀ ಊರವರ ಹಣವನ್ನು ಗುಡಿಸಿ ಗುಡಿಸಿ ಬೇಸತ್ತ ಡೀಲರುಗಳು ಆ ಮೇಜಿನ ಮೇಲೆ ಎವೆಯಿಕ್ಕದೆ ನೋಡುವುದು ಒಂದನ್ನೇ, ತಮಗೆಂದು ಇಟ್ಟ ಡಾಲರನ್ನು. ಆ ಡಾಲರನ್ನು ಮೂರು ವಾರದಿಂದ, ಕೂಗಿ ಹೇಳಿ, ತನ್ನ ಬಿಲ್ಲೆಗಳ ಮಗ್ಗುಲಲ್ಲೇ ಇಡುತ್ತ ಬಂದವನು ಅವನೇ.