ಹತ್ತು ಟ್ಯೂಬುಗಳ ಸಾವು

ಗಾಜಕ್ಕ ಕೈಯಲ್ಲಿದ್ದ ಕಾಗದವನ್ನು ದೊಡ್ಡಮ್ಮನ ಮೇಜಿನ ಮೇಲೆ ಬಡಿದಳು. ಅಳುತ್ತಿರಲಿಲ್ಲ, ಸಿಟ್ಟಿಗೆ ಅವಳ ಗದ್ದ ಅದುರುತ್ತಿತ್ತು.

"ಇಪ್ಪತ್ತೆರಡು ವರ್ಷ ಈ ಕಟ್ಟಡದ ಗಾಜೆಲ್ಲ ನಾನೇ ತೊಳ್ದಿದೀನಿ. ಈಗ ನಾನು ಸರಿಯಾಗಿ ತೊಳೀಲಿಲ್ವಂತೆ, ಸೋಪು ಉಳ್ಕೊಂಡು ಮೇಲಿನ ಕೋಣೆಯ ಹತ್ತು ಟ್ಯೂಬೂ ಸತ್ತವಂತೆ. ನಾಳೆಯಿಂದ ಬರಬೇಡ ಅಂತ ಬರ್ದು ಕೊಟ್ಟಿದಾರೆ!"

ದೊಡ್ಡಮ್ಮ ನಮ್ಮ ಸಂಶೋಧನಾಲಯದ ಅಡುಗೆಮನೆಯ ಒಡತಿ. ಅಡುಗೆ ಮನುಷ್ಯರಿಗಲ್ಲ, ಸೂಕ್ಷ್ಮಜೀವಿಗಳಿಗೆ. ಅವುಗಳ ಆಹಾರ ಕುದಿಸಿ ಕೊಡುವವರೂ ಅವರೇ, ಕೆಲಸ ಮುಗಿದ ಟ್ಯೂಬುಗಳಲ್ಲಿ ಉಳಿದದ್ದನ್ನು ಬೇಯಿಸಿ ಚೆಲ್ಲುವವರೂ ಅವರೇ. ಕಟ್ಟಡದಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ನಾನು ಇಲ್ಲಿನ ಮೆಕ್ಯಾನಿಕ್ಕು. ಹದಿನೆಂಟು ವರ್ಷದಿಂದ ಅವರ ಪತ್ತೇದಾರಿಕೆಗೆ ಜೊತೆಗಾರ.

"ಈಚೆಗೆ ಆ ಕೋಣೆಯಿಂದ ತೊಳೆಯೋಕೆ ಬಂದದ್ದರಲ್ಲಿ ವಿಚಿತ್ರ ಏನಾದ್ರೂ ಇತ್ತಾ? ನೆನಪು ಮಾಡ್ಕೋ" ಎಂದರು ದೊಡ್ಡಮ್ಮ.

"ಎರಡು ವಾರದ ಹಿಂದೆ, ಸೋಮವಾರ. ಯಾವಾಗ್ಲೂ ಹಳೇ ಟ್ಯೂಬು ಮುಕ್ಕಾಲು ತುಂಬಿರ್ತವೆ, ನಿಮ್ಮ ಬಕೆಟ್ಟಿಗೆ ಬರ್ತವೆ. ಅವತ್ತು ಹತ್ತೂ ಖಾಲಿ, ಸಿಂಕಲ್ಲಿ ಬಿದ್ದಿದ್ವು. ಪಕ್ಕದಲ್ಲೇ ಒಂದು ಬೀಕರು, ತಳದಲ್ಲಿ ಬೆಳ್ಳಗೆ ಕೆನೆಗಟ್ಟಿತ್ತು."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರಿಗೆ ಸಿಟ್ಟು ಏರಿದಾಗ ಮಾಡುವ ಕೆಲಸ ಅದು.

ನಾವು ಮೇಲಿನ ಕೋಣೆಗೆ ಹೋದೆವು. ಒಂಬತ್ತು ವರ್ಷದ ಪ್ರಯೋಗ ಸತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸಂಶೋಧಕಿ ಖಾಲಿ ಸ್ಟ್ಯಾಂಡಿನ ಮುಂದೆ ಕುಳಿತಿದ್ದಳು.

"ಈ ಜೀವಿಗಳಿಗೆ ಹಾಲಿನ ಪ್ರೋಟೀನೇ ಊಟ ದೊಡ್ಡಮ್ಮ. ಹಾಗೇ ನುಂಗೋಕಾಗಲ್ಲ. ಒಂದೊಂದೂ ಸ್ವಲ್ಪ ರಸ ಹೊರಗೆ ಬಿಡುತ್ತೆ. ಪ್ರೋಟೀನು ಕರಗುತ್ತೆ, ಎಲ್ಲವೂ ಹಂಚ್ಕೊಂಡು ತಿನ್ನುತ್ವೆ. ಮಧ್ಯೆ ರಸ ಮಾಡದೆ ಬರೀ ತಿನ್ನೋ ಬಿಟ್ಟಿ ಗಿರಾಕಿಗಳೂ ಹುಟ್ಕೋತವೆ. ಅವು ಹೆಚ್ಚಾದ್ರೆ ಆ ಟ್ಯೂಬು ಪೂರ್ತಿ ಉಪವಾಸ. ಅದಕ್ಕೇ ಪ್ರತಿ ಶನಿವಾರ ಒಂದೊಂದರಿಂದ ಒಂದು ಹನಿ ತೆಗೆದು ಹೊಸ ಟ್ಯೂಬಿಗೆ ಹಾಕೋವಾಗ, ಒಂದರ ಹನಿ ಇನ್ನೊಂದಕ್ಕೆ ಸೋಕಬಾರದು."

"ಅಂಥವು ಹುಟ್ಟಿದ್ವಾ?"

"ಹೋದ ತಿಂಗಳು, ಏಳನೇದರಲ್ಲಿ. ಬೆಳೆಸೋ ತಟ್ಟೆಗೆ ಹಾಕಿದ್ರೆ ಮಚ್ಚೆಯ ಅಂಚು ಸುಕ್ಕುಸುಕ್ಕಾಗಿ ಬೆಳೀತಿತ್ತು. ಉಳಿದ ಒಂಬತ್ತರಲ್ಲಿ ಇರಲಿಲ್ಲ. ಆಮೇಲೆ ಮೊನ್ನೆ ನಾನೊಂದು ತಟ್ಟೆ..." ಎಂದವಳು ಪ್ರಯೋಗದ ಮುಖ್ಯಸ್ಥರ ಬಾಗಿಲು ತೆರೆದದ್ದನ್ನು ಕಂಡು ಬಾಯಿ ಮುಚ್ಚಿದಳು.

ಗಾಜಕ್ಕನ ಕಾಗದ ಬರೆದಿದ್ದ ಮುಖ್ಯಸ್ಥರು ಹೊರಗೆ ಬಂದರು. ದೊಡ್ಡಮ್ಮ ಆ ಸೋಮವಾರದ ಹಿಂದಿನ ಶನಿವಾರದ ಬಗ್ಗೆ ಕೇಳಿದಾಗ ಒಂದಿಷ್ಟೂ ತಡವರಿಸಲಿಲ್ಲ. "ಹುಡುಗಿ ರಜೆಯಲ್ಲಿದ್ಲು. ನಾನೇ ಕೂತು ಹೊಸ ಟ್ಯೂಬಿಗೆ ಹಾಕಿದೆ. ಪ್ರತಿಯೊಂದಕ್ಕೂ ಬೇರೆ ಪಿಪೆಟ್ಟು. ಮುಕ್ಕಾಲು ಗಂಟೆ ಹಿಡೀತು. ತೊಳೆಯೋಳ ಪರವಾಗಿ ಅಡುಗೆಯವರು ಬಂದ್ರಾ?"

ನನಗೆ ಮೈ ಉರಿದುಹೋಯಿತು. ದೊಡ್ಡಮ್ಮ ಮಾತ್ರ ನನ್ನ ಕಡೆ ತಿರುಗಿದರು. "ನಿನ್ನ ಇನ್‌ಕ್ಯುಬೇಟರಿನ ಕಾಗದ ತೆಗೀಪ್ಪ."

ಟ್ಯೂಬುಗಳನ್ನು ಬೆಚ್ಚಗಿಡುವ ಆ ಪೆಟ್ಟಿಗೆ ಬಿಸಿಯನ್ನೂ ಬಾಗಿಲು ತೆರೆದ ಹೊತ್ತನ್ನೂ ತಾನೇ ಕಾಗದದ ಮೇಲೆ ಗೀಚುತ್ತದೆ. ಬಿಸಿಯ ಗೆರೆ ಒಂದಿಷ್ಟೂ ಅಲುಗಿರಲಿಲ್ಲ. ನನ್ನ ಯಂತ್ರದ್ದು ತಪ್ಪಿಲ್ಲವೆಂದು ನಿಟ್ಟುಸಿರು ಬಿಟ್ಟೆ. ಆ ಶನಿವಾರ ಬಾಗಿಲು ಎರಡೇ ಸಲ ತೆರೆದಿತ್ತು: ಹನ್ನೊಂದು ಹತ್ತಕ್ಕೆ, ಹನ್ನೊಂದು ಹದಿನಾರಕ್ಕೆ.

ಸತ್ತ ಟ್ಯೂಬುಗಳು ಇನ್ನೂ ಬೇಯದೆ ಅಡುಗೆಮನೆಯ ಬಕೆಟ್ಟಿನಲ್ಲೇ ಇದ್ದವು. ದೊಡ್ಡಮ್ಮ ಪ್ರತಿಯೊಂದರ ಹನಿಯನ್ನೂ ಎರಡು ಬಗೆಯ ತಟ್ಟೆಗೆ ಹಾಕಿದರು: ಒಂದರಲ್ಲಿ ಸುಲಭವಾಗಿ ಅರಗುವ ಆಹಾರ, ಇನ್ನೊಂದರಲ್ಲಿ ಹಾಲು. ಎರಡು ದಿನ ಕಾದೆವು. ಆಮೇಲೆ ಅವರು ಗಾಜಕ್ಕನನ್ನೂ ನಿರ್ದೇಶಕಿಯನ್ನೂ ಸೇರಿಸಿ ಎಲ್ಲರನ್ನೂ ಮೇಲಿನ ಕೋಣೆಗೆ ಕರೆಸಿದರು.

"ಮೊದಲು ಸೋಪಿನ ಮಾತು" ಎಂದು ಶುರುಮಾಡಿದರು. "ಸೋಪು ಕೊಂದಿದ್ರೆ ಯಾವುದೂ ಬದುಕ್ತಿರಲಿಲ್ಲ. ಒಳ್ಳೇ ಊಟ ಹಾಕಿದ ಈ ತಟ್ಟೆ ನೋಡಿ. ಹತ್ತೂ ಟ್ಯೂಬಿನಿಂದ ಬೆಳೆದಿವೆ. ಇವಕ್ಕೆ ಯಾರೂ ವಿಷ ಹಾಕಿಲ್ಲ. ಹಸಿದು ಸೋತಿದ್ವು, ಅಷ್ಟೇ."

ನಿರ್ದೇಶಕಿ ಬಗ್ಗಿ ನೋಡಿದರು.

"ಇದು ಹಾಲಿನ ತಟ್ಟೆ. ರಸ ಬಿಡೋ ಜೀವಿಯ ಸುತ್ತ ಹಾಲು ಕರಗಿ ತಿಳಿಯಾದ ಉಂಗುರ ಕಾಣಬೇಕು. ಎಲ್ಲೂ ಇಲ್ಲ. ಅಂದ್ರೆ ಉಳಿದಿರೋದು ಬಿಟ್ಟಿ ಗಿರಾಕಿಗಳು ಮಾತ್ರ. ಅಂಚು ನೋಡಿ, ಹತ್ತರಲ್ಲೂ ಒಂದೇ ಥರದ ಸುಕ್ಕು. ಹೋದ ತಿಂಗಳು ಏಳನೇ ಟ್ಯೂಬಲ್ಲಿ ಮಾತ್ರ ಇದ್ದದ್ದು ಹತ್ತು ಮನೆಗೂ ತಾನಾಗಿ ನಡೆದು ಹೋಯ್ತಾ?"

"ಕೈತಪ್ಪಿ ಒಂದು ಹನಿ..." ಎಂದರು ಮುಖ್ಯಸ್ಥರು.

"ಒಂದು ಹನಿ ಅಲ್ಲ. ಮಾಮೂಲಿಯಾಗಿ ಮುಕ್ಕಾಲು ತುಂಬಿರೋ ಹಳೇ ಟ್ಯೂಬುಗಳು ಆ ಸೋಮವಾರ ಪೂರ್ತಿ ಖಾಲಿ. ಬೇಡವೇ ಬೇಡದ ಒಂದು ಬೀಕರಿನ ತಳದಲ್ಲಿ ಬಿಳಿ ಕೆನೆ. ಮುಕ್ಕಾಲು ಗಂಟೆ ಅಂದ್ರಿ; ಟ್ಯೂಬುಗಳು ಹೊರಗೆ ಬಂದು ಹೊಸವು ಒಳಗೆ ಹೋಗೋಕೆ ಹಿಡಿದದ್ದು ಆರೇ ನಿಮಿಷ. ಹತ್ತನ್ನೂ ಆ ಬೀಕರಿಗೆ ಸುರಿದು, ಅದರಿಂದ್ಲೇ ಹತ್ತಕ್ಕೂ ಹಂಚಿದ್ರಿ. ಮನೆಗೆ ಹೋಗೋ ಅವಸರ. ಹೌದೋ ಅಲ್ವೋ?"

ಮುಖ್ಯಸ್ಥರ ಮುಖ ಕಪ್ಪಿಟ್ಟಿತು. "ಎಲ್ಲ ಒಂದೇ ತಳಿ ತಾನೇ, ಏನೂ ಆಗಲ್ಲ ಅಂದ್ಕೊಂಡೆ. ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿತ್ತು!" ಸಂಶೋಧಕಿ ಎದ್ದು ನಿಂತಳು. "ಕೆಲಸದಿಂದ ತೆಗೆಯೋ ಕಾಗದ ನೀವು ಬರೆಯೋಕೆ ಮುಂಚೆನೇ ಇದೇ ಸುಕ್ಕಿನ ತಟ್ಟೆ ತೋರಿಸಿದ್ದೆ ಸರ್. ಎಸೆದುಬಿಡು, ಯಾರಿಗೂ ಹೇಳಬೇಡ ಅಂದ್ರಿ. ನಾನೂ ಹೆದರಿ ಸುಮ್ಮನಾದೆ." ಅವಳು ಗಾಜಕ್ಕನ ಕಡೆ ತಿರುಗಿದಳು. "ಅಕ್ಕಾ, ನನ್ನದೂ ತಪ್ಪಿದೆ."

ದೊಡ್ಡಮ್ಮ ಮುಷ್ಟಿಯಿಂದ ಮೇಜು ಗುದ್ದಿದರು. ಹದಿನೆಂಟು ವರ್ಷದಲ್ಲಿ ಅವರನ್ನು ಹಾಗೆ ನಾನು ಕಂಡಿರಲಿಲ್ಲ.

"ಒಂದು ದಿನದ ಸೋಮಾರಿತನ ಯಾರಿಗಾದ್ರೂ ಬರಬಹುದು. ಅದನ್ನ ಕ್ಷಮಿಸ್ತಿದ್ದೆ. ಗೊತ್ತಿದ್ದೂ ಇವಳ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ, ಅದು ಸೋಮಾರಿತನ ಅಲ್ಲ ಸ್ವಾಮಿ!"

ನಿರ್ದೇಶಕಿ ವಜಾ ಪತ್ರವನ್ನು ಅಲ್ಲೇ ಹರಿದರು. ಪ್ರಯೋಗದ ಹೊಣೆಯನ್ನು ಸಂಶೋಧಕಿಗೆ ಒಪ್ಪಿಸಿದರು. ಎಂಟು ತಿಂಗಳ ಹಿಂದೆ ಫ್ರೀಜರಿನಲ್ಲಿ ಇಟ್ಟಿದ್ದ ಮಾದರಿಗಳಿಂದ ಅವಳು ಮತ್ತೆ ಶುರುಮಾಡಬೇಕಿತ್ತು. ಮುಖ್ಯಸ್ಥರ ಮೇಲೆ ವಿಚಾರಣೆಗೆ ಆದೇಶವಾಯಿತು. ಅವರು ಗಾಜಕ್ಕನಿಗೆ ಕೈ ಮುಗಿಯಲು ಹೋದರು.

"ಕೈ ಇಳಿಸಿ" ಎಂದಳು ಅವಳು. "ಹೊಸದಾಗಿ ಶುರುಮಾಡೋಕೆ ಶುದ್ಧವಾದ ಟ್ಯೂಬು ಬೇಕಲ್ಲ, ನೀವೇ ತೊಳೀರಿ. ನಾನು ನಿಂತು ನೋಡ್ತೀನಿ."

ಮುಖ್ಯಸ್ಥರು ನಿರ್ದೇಶಕಿಯ ಮುಖ ನೋಡಿದರು. ನಿರ್ದೇಶಕಿ ಕಿಟಕಿಯ ಕಡೆ ನೋಡಿದರು. ಕೊನೆಗೆ ಮುಖ್ಯಸ್ಥರು ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತರು. ಮೊದಲ ಟ್ಯೂಬು ತೊಳೆದು ಕೊಟ್ಟಾಗ ಗಾಜಕ್ಕ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು.

"ಇನ್ನೊಂದ್ಸಲ" ಎಂದು ವಾಪಸು ಕೊಟ್ಟಳು.