ಆಮೆನ್ ಬಾಕಿ ಇದೆ

ಅವಳು ಕಾಫಿ ಲೋಟದ ಮುಂದೆ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕೂತಿದ್ದಳು. ತಲೆ ಸುತ್ತು ಬಂದಿರಬೇಕು ಎಂದುಕೊಂಡು ನಾನು ಇಡೀ ಗುಜರಾತ್ ಬೆಚ್ಚಿಬೀಳುವ ಹಾಗೆ ಕೂಗಿದೆ: “ಬೆಹನ್‌ಜೀ, ತಬಿಯತ್ ಠೀಕ್ ಹೈ?”

ಒಂದು ಕಣ್ಣು ತೆರೆಯಿತು. ಒಂದೇ. ನನ್ನನ್ನು ತಲೆಯಿಂದ ಬೂಟಿನವರೆಗೆ ಅಳೆದು ಮತ್ತೆ ಮುಚ್ಚಿಕೊಂಡಿತು. “ಆಮೆನ್” ಎಂದ ಮೇಲೆ ಅವಳು ತನ್ನಷ್ಟಕ್ಕೇ ಗೊಣಗಿದಳು: “ದೇವರ ಸಂಗಾಟ ಮಾತಾಡೂ ಮುಂದ ನಡುವ ಬಾಯಿ ಹಾಕ್ತಾವು, ಮಂಗ್ಯಾನಂಥವು.”

ಮಂಗ್ಯಾ! ಧಾರವಾಡದ ಆ ಬೈಗುಳ ಕಿವಿಗೆ ಬಿದ್ದದ್ದೇ ನನ್ನ ಎದೆಯೊಳಗೆ ನೂರು ಚರ್ಚುಗಳ ಗಂಟೆ ಒಟ್ಟಿಗೇ ಬಾರಿಸಿದವು.

“ನೀವು ನಮ್ಮ ಕಡೇದವ್ರೇನ್ರೀ?”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ನಗುತ್ತಿದ್ದವು, ಎರಡೂ.

ನಾನು ಎಬನೇಜರ್, ಹುಬ್ಬಳ್ಳಿಯವನು. ಅಹಮದಾಬಾದಿನ ವಟ್ವಾದ ಕಾರ್ಖಾನೆಗಳಿಂದ ಬಟ್ಟೆಯ ಬಣ್ಣ ಎತ್ತಿ ಸೂರತ್‌ನ ಗಿರಣಿಗಳಿಗೆ ಮಾರುವ ಏಜೆಂಟ್. ತೊಂಬತ್ತಾರರಲ್ಲಿ ಭಾರತದ ಅರ್ಧ ಹೆಂಗಸರು ಉಟ್ಟ ಕೆಂಪು ನನ್ನದೇ; ಉಳಿದರ್ಧದವರು ಕೆಂಪು ಉಡುತ್ತಿರಲಿಲ್ಲ, ಅಷ್ಟೇ. ಆ ಒಂಟಿ ತಿರುಗಾಟದಲ್ಲಿ ನನಗೆ ಬೇಕಾಗಿದ್ದದ್ದು ಎರಡೇ: ಕೂಡಿ ಹಾಡಲು ನಾಲ್ಕು ಮಂದಿ ವಿಶ್ವಾಸಿಗಳು, ಆಮೇಲೆ ಒಂದು ಲೋಟ ಕಾಫಿ. ಅದೇ ಊರಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ಮಂದಿ ಸಿಕ್ಕರು, ಚಹಾ ಕೊಟ್ಟರು. ಸೂರತ್‌ನಲ್ಲಿ ಕಾಫಿ ಕೇಳಿದರೆ ಹಾಲಿಗೆ ಕಂದು ಬಣ್ಣ ಹಚ್ಚಿ ಕೊಟ್ಟರು. ಬಣ್ಣದ ವಿಷಯದಲ್ಲಿ ನನಗೇ ಮೋಸ!

ಎರಡೂ ಒಂದೇ ಸೂರಿನಡಿ ಸಿಕ್ಕದ್ದು ವಡೋದರಾದ ಮಂಜಲ್‌ಪುರದಲ್ಲಿ, ವರ್ಗೀಸ್ ಅಂಕಲ್‌ನ ಇದೇ ಕಾಫಿ ಅಂಗಡಿಯಲ್ಲಿ. ರೈಲ್ವೆಯಿಂದ ರಿಟೈರಾದ ಮಲಯಾಳಿ. ಗೋಡೆಯ ಮೇಲೆ ಶಿಲುಬೆ, ಒಲೆಯ ಪಕ್ಕ ಡಿಕಾಕ್ಷನ್, ಗುರುವಾರ ಸಂಜೆ ಬೆಂಚುಗಳನ್ನು ಕೂಡಿಸಿ ಪ್ರಾರ್ಥನೆ.

“ಊಟಕ್ಕ ಸರಿ. ಕಾಫಿಗೂ ಪ್ರಾರ್ಥನಾ?” ಎಂದು ಅವಳ ಲೋಟ ತೋರಿಸಿ ಕೇಳಿದೆ.

“ಗುಜರಾತದಾಗ ಖರೇ ಕಾಫಿ ಸಿಗೂದು ಪವಾಡಲ್ರೀ? ಪವಾಡಕ್ಕ ಸ್ತೋತ್ರ ಹೇಳಬಾರ್ದೇನು?”

ಲಿಡಿಯಾ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್.

ಅಂದಿನಿಂದ ಗುರುವಾರ ಬಂತೆಂದರೆ ನಾನು ಅಹಮದಾಬಾದಿನಲ್ಲಿರಲಿ, ಸೂರತ್‌ನಲ್ಲಿರಲಿ, ರೈಲು ನನ್ನನ್ನು ಎತ್ತಿ ತಂದು ವಡೋದರಾದಲ್ಲೇ ಇಳಿಸುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿದ ಹೊತ್ತಿನಲ್ಲಿ ನಾನು ಮೆಲ್ಲಗೆ ತೆರೆದು ನೋಡುತ್ತಿದ್ದೆ.

“ಕಣ್ಣ ತಗದು ಪ್ರಾರ್ಥನಾ ಮಾಡ್ತೀರೇನ್ರೀ?” ಒಂದು ದಿನ ಗದರಿದಳು.

“ಅದು ನಿಮಗ್ಹೆಂಗ ಗೊತ್ತಾತು?”

ಅವಳ ಕಿವಿ ಕೆಂಪಾಯಿತು. ಆ ಕೆಂಪು ನನ್ನ ಕ್ಯಾಟಲಾಗಿನಲ್ಲಿ ಇರಲಿಲ್ಲ.

ಪ್ರಾರ್ಥನೆಯಲ್ಲಿ ನನ್ನನ್ನು ಮೀರಿಸುವವರು ಸ್ವರ್ಗದಲ್ಲೂ ಇರಲಿಲ್ಲ. ನಾನು ಶುರು ಮಾಡಿದರೆ ಕಾಫಿ ಆರಿ, ಕೆನೆ ಕಟ್ಟಿ, ನೊಣ ಈಜಿ ದಡ ಸೇರುತ್ತಿತ್ತು. “ದೇವರಿಗೆ ನಿಮ್ಮ ಸೇಲ್ಸ್ ರಿಪೋರ್ಟ್ ಯಾಕ ಬೇಕ್ರೀ?” ಎಂದು ಲಿಡಿಯಾ ನಡುವೆಯೇ “ಆಮೆನ್!” ಎಂದು ಬಾಗಿಲು ಹಾಕಿಬಿಡುತ್ತಿದ್ದಳು. ಅದು ಅಂಕಲ್ ಕಾನೂನು: ಕೂಡಿ ಕೂತಾಗ ಒಬ್ಬ ಪ್ರಾರ್ಥಿಸಿದರೆ ಆಮೆನ್ ಇನ್ನೊಬ್ಬರೇ ಅನ್ನಬೇಕು. ಇಬ್ಬರ ಮನಸ್ಸು ಕೂಡಿದರೇ ಬೇಡಿಕೆ ಮೇಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಅದು ಸೀಲು ಬೀಳದ ಟಿಕೆಟ್.

ಒಂದು ಗುರುವಾರ ಅವಳು ಲೋಟ ತಿರುಗಿಸುತ್ತ ಹೇಳಿದಳು: “ಸೂರತ್ತಿನಿಂದ ಒಂದು ಬಿಳಿ ಸೀರಿ ತರ್ತೀರೇನು? ಲಗ್ನದ್ದು. ನಿಮ್ಮ ಕಣ್ಣಿಗೆ ಚಂದ ಕಂಡದ್ದು.”

ನಮ್ಮಲ್ಲಿ ಬಿಳಿ ಸೀರೆ ಉಡುವವಳು ಮದುಮಗಳು. ಯಾರ ಲಗ್ನ ಎಂದು ಕೇಳಲು ನಾನೇನು ದಡ್ಡನೇ? ಸೂರತ್‌ನ ಅಂಗಡಿಗಳವರು ನನ್ನನ್ನು ಕಂಡರೆ ಶಟರ್ ಎಳೆಯುವ ತನಕ ಹುಡುಕಿದೆ. ಜಗತ್ತಿಗೆಲ್ಲ ಬಣ್ಣ ಮಾರಿದವನು ಬಣ್ಣವೇ ಇಲ್ಲದ್ದನ್ನು ಎದೆಗವಚಿಕೊಂಡು ವಡೋದರಾದಲ್ಲಿ ಇಳಿದೆ. ಕೇಳುವ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದೆ.

ಅವಳು ಪೊಟ್ಟಣ ಬಿಚ್ಚಿ, ಸೀರೆಯ ಅಂಚಿನ ಮೇಲೆ ಬೆರಳಾಡಿಸಿದಳು. ತಲೆ ಎತ್ತಲಿಲ್ಲ.

“ಅಕ್ಕ ತೀರಿಕೊಂಡು ವರ್ಷಾತ್ರೀ. ಎರಡು ಕೂಸು. ಸಣ್ಣಾಕಿ ಫೋನಿನ್ಯಾಗ ಚಿಗವ್ವಾ ಅಂತಿದ್ಲು, ಈಗ ಅವ್ವಾ ಅನ್ನಾಕತ್ತಾಳ. ಅಕ್ಕನ ಗಂಡನ್ನ ಲಗ್ನಾಗ್ತೀನಿ ಅಂತ ಹೇಳೀನಿ. ಯಾರೂ ಒತ್ತಾಯ ಮಾಡಿಲ್ಲ. ನಾನ ಹೇಳಿದ್ದು.”

ಉರು ಹೊಡೆದದ್ದನ್ನು ಬಿಟ್ಟು ಬೇರೆಯದೇ ಕೇಳಿದೆ: “ಮತ್ತ ನನ್ನ ಕಡೆ ಯಾಕ ತರಿಸಿದ್ರಿ?”

“ನೀವು ತಂದದ್ದ ಉಡಬೇಕು ಅನಿಸ್ತು,” ಎಂದಳು. “ಅಷ್ಟರ ಇರಲಿ ಅಂತ.”

ಹೊರಗೆ ಅವಳ ಆಟೋ ಕಾಯುತ್ತಿತ್ತು, ಊರಿನ ರೈಲು ಹಿಡಿಯಲು ಸ್ಟೇಷನ್ನಿಗೆ ಹೋಗುವುದಕ್ಕೆ.

“ಕಾಫಿ ಆರಾಕತ್ತೈತಿ,” ಎಂದಳು. “ಪ್ರಾರ್ಥನಾ ಮಾಡ್ರಿ. ಈ ಸಲ ಕಣ್ಣ ಮುಚ್ಚಿ.”

ಮುಚ್ಚಿದೆ.

“ಕರ್ತನೇ, ಈಕಿ ನನಗ ಬೇಕು.”

ಅಷ್ಟೇ. ಗಿರಣಿಗಳಿಲ್ಲ, ಸೇಲ್ಸ್ ಇಲ್ಲ, ನೂರು ಸಾವಿರಗಳಿಲ್ಲ. ಅವಳ ಆಮೆನ್‌ಗೆ ಕಾದೆ. ಎದುರಿನಿಂದ “ಆ...” ಎಂಬ ಉಸಿರು ಕೇಳಿಸಿತು. ಕೇಳಿಸಿತು, ಆಣೆಯಿಟ್ಟು ಹೇಳುತ್ತೇನೆ. ಆಮೇಲೆ ಅದನ್ನು ಅವಳು ನುಂಗಿಕೊಂಡಳು. ಬೆಂಚು ಕಿರುಗುಟ್ಟಿತು. ಪೊಟ್ಟಣದ ಕಾಗದ ಸರಿಯಿತು. ಚಪ್ಪಲಿಯ ಸದ್ದು ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು, ಮತ್ತೆ ನಡೆಯಿತು. ಆಟೋ ಹೊರಟಿತು.

ಹೆಗಲ ಮೇಲೆ ವರ್ಗೀಸ್ ಅಂಕಲ್ ಕೈ ಬಿತ್ತು. ‘ಮಗನೇ’ ಎಂಬುದಷ್ಟೇ ಮಲಯಾಳದಲ್ಲಿ, ಉಳಿದದ್ದು ತನ್ನ ಮುರುಕು ಹಿಂದಿಯಲ್ಲಿ, ಮುದುಕ ಕೇಳಿದ: “ಹೋದಳು, ಮೋನೇ. ನಾನು ಹೇಳಲಾ ಆಮೆನ್?”

“ಬೇಡ ಅಂಕಲ್,” ಎಂದೆ. “ಹೇಳಿದರೆ ಮುಗಿದುಬಿಡುತ್ತದೆ.”

ಈ ಭೂಮಿಯ ಮೇಲೆ ನನ್ನಷ್ಟು ಉದ್ದದ ಪ್ರಾರ್ಥನೆ ಮಾಡಿದವನು ಇನ್ನೊಬ್ಬನಿಲ್ಲ. ನನ್ನ ಬಡಾಯಿಗಳನ್ನೆಲ್ಲ ಬೇಕಾದರೆ ಅರ್ಧಕ್ಕೆ ಇಳಿಸಿಕೊಳ್ಳಿ, ಇದೊಂದನ್ನು ಬಿಟ್ಟು. ನಾಲ್ಕೇ ಮಾತು. ಇನ್ನೂ ನಡೆದೇ ಇದೆ.